ಅಪ್ಪನಿಂದ ಬಂದದ್ದೆಷ್ಟು, ತಟ್ಟೆಯಿಂದ ಬಂದದ್ದೆಷ್ಟು

ಅಣ್ಣನಿಗೆ ಸಕ್ಕರೆ ಕಾಯಿಲೆ ಇದೆ ಎಂದು ಗೊತ್ತಾದ ದಿನ ಡಾಕ್ಟರ ಕೋಣೆಯಲ್ಲಿ ಅವನ ಪಕ್ಕದ ಕುರ್ಚಿಯಲ್ಲಿ ನಾನೂ ಕೂತಿದ್ದೆ. ರಿಪೋರ್ಟಿನ ಮೇಲೆ ಕಣ್ಣಾಡಿಸಿದ ಡಾಕ್ಟರು ಎರಡು ಪ್ರಶ್ನೆ ಕೇಳಿದರು. ಮೊದಲನೆಯದು, "ಮನೆಯಲ್ಲಿ ಬೇರೆ ಯಾರಿಗಾದರೂ ಶುಗರ್ ಇದೆಯಾ?" ಅಣ್ಣ ಥಟ್ಟನೆ, "ಅಪ್ಪನಿಗಿತ್ತು ಡಾಕ್ಟ್ರೇ, ಅಜ್ಜಿಗೂ ಇತ್ತು" ಎಂದ. ಹೇಳುವಾಗ ಅವನ ಬೆನ್ನು ನೆಟ್ಟಗಿತ್ತು. ಎರಡನೆಯದು, "ಊಟ ತಿಂಡಿ ಎಲ್ಲ ಹೇಗೆ ನಿಮ್ಮದು?" ಇದಕ್ಕೆ ಅವನು ತಕ್ಷಣ ಉತ್ತರ ಕೊಡಲಿಲ್ಲ. ತೊಡೆಯ ಮೇಲಿದ್ದ ಫೈಲಿನ ದಾರವನ್ನು ಬೆರಳಿಗೆ ಸುತ್ತಿದ, ಬಿಚ್ಚಿದ, ಮತ್ತೆ ಸುತ್ತಿದ. ಕದ್ದು ಸಿಕ್ಕಿಬಿದ್ದ ಹುಡುಗನ ಹಾಗೆ, "ಸ್ವಲ್ಪ ಸಿಹಿ ಜಾಸ್ತಿ... ರಾತ್ರಿ ಊಟ ತಡ ಆಗುತ್ತೆ..." ಎಂದು ತಡವರಿಸಿದ. ಕಾಯಿಲೆ ಒಂದೇ. ಒಂದು ಪ್ರಶ್ನೆಗೆ ಉತ್ತರಿಸುವಾಗ ಅವನು ನಿರಪರಾಧಿ, ಇನ್ನೊಂದಕ್ಕೆ ಉತ್ತರಿಸುವಾಗ ಅಪರಾಧಿ.

ಮನೆಗೆ ಬಂದ ಮೇಲೂ ಅದೇ ಆಯಿತು. "ಅವರಪ್ಪನ ಬಳುವಳಿ ಅದು, ಇವನೇನು ಮಾಡಿಯಾನು" ಎಂದು ಅಮ್ಮ ಕಣ್ಣೊರೆಸಿಕೊಂಡರು. "ಎಷ್ಟು ವರ್ಷದಿಂದ ಬಡ್ಕೋತಾ ಇದ್ದೀನಿ ಅತ್ತೆ, ಬಾಯಿ ಕಟ್ಟಿ ಅಂತ. ಕೇಳಿದ್ರಾ?" ಎಂದರು ಅತ್ತಿಗೆ. ಇಬ್ಬರೂ ಸಂಕಟದಿಂದಲೇ ಆಡಿದ ಮಾತು. ಆದರೆ ಎರಡೂ ಒಟ್ಟಿಗೆ ನಿಜವಾಗಿರುವುದು ಹೇಗೆ ಎಂದು ಯಾರೂ ಕೇಳಲಿಲ್ಲ. ರಾತ್ರಿ ಎಲ್ಲರೂ ಮಲಗಿದ ಮೇಲೆ ಅಣ್ಣ ನನ್ನನ್ನು ಕೇಳಿದ: "ಇಬ್ಬರೂ ಒಂದೇ ಅಡುಗೆ ಉಂಡು ಬೆಳೆದವರು ಕಣೋ. ನನಗಿಂತ ನೀನೇ ಸಿಹಿ ಜಾಸ್ತಿ ತಿಂತಿದ್ದೆ. ನನಗ್ಯಾಕೆ ಬಂತು?"

ನನಗೆ ಏನೂ ಹೇಳಲು ತೋಚಲಿಲ್ಲ. ಅಂದಿನಿಂದ ಈ ಪ್ರಶ್ನೆ ಚಪ್ಪಲಿಯೊಳಗೆ ಸೇರಿದ ಕಲ್ಲಿನ ಹಾಗೆ ಚುಚ್ಚುತ್ತಲೇ ಇದೆ. ಒಡಹುಟ್ಟಿದವರೆಂದರೆ ಒಂದೇ ಅಚ್ಚಿನಲ್ಲಿ ಎರಕ ಹೊಯ್ದವರು ಎಂಬ ಭಾವನೆ ನಮ್ಮದು. ಅಪ್ಪನ ವಂಶವಾಹಿಗಳಲ್ಲಿ ಅರ್ಧ, ಅಮ್ಮನದರಲ್ಲಿ ಅರ್ಧ ಪ್ರತಿ ಮಗುವಿಗೂ ಬರುತ್ತದೆ, ನಿಜ. ಯಾವ ಅರ್ಧ ಎನ್ನುವುದು ಮಾತ್ರ ಪ್ರತಿ ಸಲವೂ ಹೊಸದಾಗಿ ಕಲಸಿ ಹಂಚಿದ ಇಸ್ಪೀಟೆಲೆ. ಹೀಗಾಗಿ ಅಣ್ಣನಿಗೂ ನನಗೂ ಸಮಾನವಾಗಿರುವುದು ಸರಾಸರಿ ಅರ್ಧ ಎಲೆಗಳು ಮಾತ್ರ. ಅಣ್ಣನ ಪ್ರಶ್ನೆಗೆ ಇದನ್ನೇ ಉತ್ತರವಾಗಿ ಹೇಳಿ ಸುಮ್ಮನಾಗಬಹುದಿತ್ತು. ಹಾಗೆ ಹೇಳಿದರೆ ಡಾಕ್ಟರ ಎರಡನೆಯ ಪ್ರಶ್ನೆಗೆ ಅರ್ಥವೇ ಉಳಿಯುವುದಿಲ್ಲವಲ್ಲ. ಅದೂ ಸರಿಯೆನಿಸಲಿಲ್ಲ.

ಹಿಮ್ಮಡಿಯಿಂದ ತೆಗೆದ ಹನಿಗಳು

ಆಗ ನೆನಪಾದದ್ದು ತಂಗಿಯ ಹೆರಿಗೆ. ಮಗು ಹುಟ್ಟಿ ಮೂರನೆಯ ದಿನ ಬೆಳಗ್ಗೆ ನರ್ಸ್ ಒಬ್ಬರು ಒಂದು ದಪ್ಪ ಕಾಗದದ ಕಾರ್ಡ್ ಹಿಡಿದು ಬಂದರು. ಅದರ ಮೇಲೆ ಸಾಲಾಗಿ ವೃತ್ತಗಳು ಅಚ್ಚಾಗಿದ್ದವು. ಮಗುವಿನ ಪುಟ್ಟ ಪಾದವನ್ನು ಅಂಗೈಯಲ್ಲಿ ಹಿಡಿದು ಉಜ್ಜಿ ಬೆಚ್ಚಗೆ ಮಾಡಿದರು, ಹಿಮ್ಮಡಿಯ ಪಕ್ಕವನ್ನು ಹತ್ತಿಯಿಂದ ಒರೆಸಿದರು, ಚುಚ್ಚಿದರು. ಮೊದಲ ಹನಿಯನ್ನು ಒರೆಸಿ ಹಾಕಿ, ಎರಡನೆಯದು ದುಂಡಗೆ ಉಬ್ಬುವವರೆಗೆ ಕಾದು, ಕಾರ್ಡಿನ ಒಂದು ವೃತ್ತಕ್ಕೆ ತಾಗಿಸಿದರು. ಕಾಗದ ಅದನ್ನು ಒಮ್ಮೆಗೇ ಹೀರಿಕೊಂಡಿತು. ಆಮೇಲೆ ಇನ್ನೊಂದು ವೃತ್ತ, ಮತ್ತೊಂದು. ಮಗು ಮುಖವೆಲ್ಲ ಕೆಂಪಾಗಿಸಿಕೊಂಡು ಅಳುತ್ತಿತ್ತು. ತಂಗಿಗೆ ತಡೆಯಲಾಗಲಿಲ್ಲ. "ಇದೆಲ್ಲ ಏನಕ್ಕೆ ಸಿಸ್ಟರ್, ಮಗು ಚೆನ್ನಾಗೇ ಇದೆಯಲ್ಲ?" ಎಂದಳು. ಅವರು ತಲೆಯೆತ್ತದೆ ಹೇಳಿದರು: "ಕೆಲವು ಕಾಯಿಲೆ ಹುಟ್ಟಿನಿಂದಲೇ ಇರ್ತವೆ ಕಣಮ್ಮ, ಹೊರಗೆ ಕಾಣಲ್ಲ. ಈಗಲೇ ಗೊತ್ತಾದ್ರೆ ಊಟದಲ್ಲೇ ಕಾಪಾಡಬಹುದು."

ಹುಟ್ಟಿನಿಂದಲೇ ಇರುವುದು, ಊಟದಲ್ಲೇ ಕಾಪಾಡಬಹುದಾದದ್ದು. ಅವತ್ತು ಆ ಮಾತು ಕಿವಿಯ ಮೇಲೆ ಬಿದ್ದು ಹೋಗಿತ್ತು. ಅಣ್ಣನ ಪ್ರಶ್ನೆ ಕಾಡತೊಡಗಿದ ಮೇಲೆ ಆ ಕಾರ್ಡಿನ ಹಿಂದಿನ ಕಥೆ ಹುಡುಕಿ ಓದಿದೆ.

ನಾರ್ವೆಯ ಬೋರ್ಗ್ನಿ ಎಗೆಲಾಂಡ್ ಎಂಬ ತಾಯಿಗೆ ಇಬ್ಬರು ಮಕ್ಕಳು, ಲಿವ್ ಮತ್ತು ಡಾಗ್. ಇಬ್ಬರೂ ಹುಟ್ಟುವಾಗ ಆರೋಗ್ಯವಾಗಿದ್ದವರು, ಬೆಳೆಯುತ್ತಾ ಬುದ್ಧಿ ಕುಂಠಿತವಾಯಿತು. ಮಕ್ಕಳ ಮೈಯಿಂದ ವಿಚಿತ್ರವಾದ ಕಮಟು ವಾಸನೆ ಬರುತ್ತಿತ್ತು. ಡಾಕ್ಟರಿಂದ ಡಾಕ್ಟರಿಗೆ ಅಲೆದ ಆ ತಾಯಿ 1934ರಲ್ಲಿ ಆಸ್ಬ್ಯೋರ್ನ್ ಫೋಲಿಂಗ್ ಬಳಿ ಬಂದರು. ಅವರು ವೈದ್ಯರಷ್ಟೇ ಆಗಿರಲಿಲ್ಲ, ರಸಾಯನಶಾಸ್ತ್ರವನ್ನೂ ಓದಿದ್ದರು. ಮಕ್ಕಳ ಮೂತ್ರಕ್ಕೆ ಫೆರಿಕ್ ಕ್ಲೋರೈಡ್ ಹನಿಸಿದಾಗ ಎಂದೂ ಕಾಣದ ಕಡು ಹಸಿರು ಬಣ್ಣ ಬಂತು. ಅದರ ಜಾಡು ಹಿಡಿದು ಹೋದ ಫೋಲಿಂಗ್‌ಗೆ ಸಿಕ್ಕಿದ್ದು ಫೀನೈಲ್‌ಪೈರುವಿಕ್ ಆಮ್ಲ. ನಾವು ತಿನ್ನುವ ಪ್ರೋಟೀನಿನಲ್ಲೆಲ್ಲ ಫೀನೈಲ್‌ಅಲನಿನ್ ಎಂಬ ಅಮೈನೋ ಆಮ್ಲ ಇರುತ್ತದೆ. ಅದನ್ನು ಬೇರೆ ರೂಪಕ್ಕೆ ತಿರುಗಿಸಲು ಯಕೃತ್ತಿನಲ್ಲಿ ಒಂದು ಕಿಣ್ವ ಬೇಕು. ಆ ಕಿಣ್ವವನ್ನು ಮಾಡುವ ವಂಶವಾಹಿಯ ಎರಡೂ ಪ್ರತಿಗಳು ಕೆಟ್ಟಿದ್ದರೆ ಫೀನೈಲ್‌ಅಲನಿನ್ ರಕ್ತದಲ್ಲಿ ಶೇಖರವಾಗುತ್ತದೆ, ಬೆಳೆಯುತ್ತಿರುವ ಮಿದುಳನ್ನು ಹಾಳುಮಾಡುತ್ತದೆ. ಇದೇ ಫೀನೈಲ್‌ಕೀಟೋನ್ಯೂರಿಯಾ, ಚಿಕ್ಕದಾಗಿ ಪಿಕೆಯು.

ಕಾರಣ ಸಿಕ್ಕಿತು, ಮದ್ದು ಸಿಗಲಿಲ್ಲ. ಲಿವ್ ಮತ್ತು ಡಾಗ್‌ಗೆ ಅದರಿಂದ ಪ್ರಯೋಜನವಾಗಲಿಲ್ಲ. ಸುಮಾರು ಇಪ್ಪತ್ತು ವರ್ಷ ಕಳೆದ ಮೇಲೆ ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮ್‌ನಲ್ಲಿ ಇನ್ನೊಬ್ಬ ತಾಯಿ ಹೋರ್ಸ್ಟ್ ಬಿಕೆಲ್ ಎಂಬ ವೈದ್ಯರ ಬೆನ್ನುಬಿದ್ದರು. ನಿಲ್ಲಲೂ ಬಾರದ, ತಲೆ ಚಚ್ಚಿಕೊಳ್ಳುತ್ತಿದ್ದ ಮಗಳಿಗೆ ಏನಾದರೂ ಮಾಡಿ ಎಂದು ಬಿಡದೆ ಕೇಳಿದರು. ಬಿಕೆಲ್ ಮತ್ತು ಜೊತೆಯವರು ಹಾಲಿನ ಪ್ರೋಟೀನನ್ನು ಒಡೆದು, ಇದ್ದಿಲಿನ ಮೂಲಕ ಸೋಸಿ, ಫೀನೈಲ್‌ಅಲನಿನ್ ತೆಗೆದ ಆಹಾರ ತಯಾರಿಸಿದರು. ಕೆಲವು ತಿಂಗಳಲ್ಲಿ ಮಗು ಅಂಬೆಗಾಲಿಟ್ಟಿತು, ನಿಂತಿತು, ಅಳು ಕಡಿಮೆಯಾಯಿತು. ಇದು ಆಹಾರದಿಂದಲೇ ಆದದ್ದೇ ಎಂದು ಖಚಿತಪಡಿಸಿಕೊಳ್ಳಲು ತಾಯಿಗೆ ತಿಳಿಸದೆ ಅದೇ ಆಹಾರಕ್ಕೆ ಫೀನೈಲ್‌ಅಲನಿನ್ ಮತ್ತೆ ಬೆರೆಸಿದರು. ಮಗು ಹಿಂದಿನ ಸ್ಥಿತಿಗೆ ಜಾರತೊಡಗಿತು. (ಹಾಗೆ ತಿಳಿಸದೆ ಮಾಡಿದ್ದನ್ನು ಓದುವಾಗ ನನಗೆ ಹೊಟ್ಟೆ ತೊಳಸಿದಂತಾಯಿತು. ಆ ತಾಯಿಯ ಹಟ ಇಲ್ಲದಿದ್ದರೆ ಆ ಆಹಾರವೇ ಇರುತ್ತಿರಲಿಲ್ಲ.) 1953ರಲ್ಲಿ ಇದು ಪ್ರಕಟವಾಯಿತು. 1960ರ ದಶಕದ ಆರಂಭದಲ್ಲಿ ಅಮೆರಿಕದ ರಾಬರ್ಟ್ ಗುತ್ರಿ ಒಣಗಿದ ರಕ್ತದ ಕಲೆಯಲ್ಲೇ ಈ ದೋಷ ಪತ್ತೆಹಚ್ಚುವ ಸರಳ ಪರೀಕ್ಷೆ ರೂಪಿಸಿದರು. ತಂಗಿಯ ಮಗುವಿನ ಹಿಮ್ಮಡಿಯ ಹನಿ ಬಿದ್ದದ್ದು ಆ ದಾರಿಯಲ್ಲಿ ಬಂದ ಕಾಗದದ ಮೇಲೆ.

ಈ ಕಾಯಿಲೆ ವಂಶವಾಹಿಯದೋ ಆಹಾರದ್ದೋ? ವಂಶವಾಹಿ ಸರಿಯಿದ್ದರೆ ಯಾವ ಪ್ರೋಟೀನ್ ತಿಂದರೂ ಇದು ಬರುವುದಿಲ್ಲ, ಆದ್ದರಿಂದ ನೂರಕ್ಕೆ ನೂರು ವಂಶವಾಹಿಯದು. ಫೀನೈಲ್‌ಅಲನಿನ್ ಮಿತಿಯಲ್ಲಿದ್ದರೆ ವಂಶವಾಹಿ ಕೆಟ್ಟಿದ್ದರೂ ಮಿದುಳಿಗೆ ಆ ಹಾನಿ ಆಗುವುದಿಲ್ಲ, ಆದ್ದರಿಂದ ನೂರಕ್ಕೆ ನೂರು ಆಹಾರದ್ದು. ಅಮ್ಮನೂ ಅತ್ತಿಗೆಯೂ ಒಟ್ಟಿಗೆ ಸರಿಯಾಗಿರಬಹುದು ಎಂದು ನನಗೆ ಮೊದಲು ಅನಿಸಿದ್ದು ಇಲ್ಲಿ.

ಊಟದಲ್ಲೇ ಕಾಪಾಡುವುದು ಹೇಳಿದಷ್ಟು ಸುಲಭವಲ್ಲ. ಪಿಕೆಯು ಇರುವ ಮಗು ಸಾಮಾನ್ಯ ಪ್ರೋಟೀನನ್ನು ಗ್ರಾಂ ಲೆಕ್ಕದಲ್ಲಿ ಅಳೆದು ತಿನ್ನಬೇಕು, ಉಳಿದ ಪೋಷಣೆಗೆ ಬಾಯಿಗೆ ರುಚಿಸದ ಔಷಧೀಯ ಪುಡಿಯ ದ್ರಾವಣ ಕುಡಿಯಬೇಕು, ಅದೂ ಜೀವನಪೂರ್ತಿ. ಬೆಳೆದು ದೊಡ್ಡವರಾದ ಮೇಲೆ ಬಿಡಬಹುದು ಎಂದು ಹಿಂದೆ ಅಂದುಕೊಂಡಿದ್ದರು. ಹಾಗೆ ಪಥ್ಯ ಬಿಟ್ಟ ಹುಡುಗಿಯರು ತಾಯಂದಿರಾದಾಗ ಆಘಾತ ಕಾದಿತ್ತು. ಹುಟ್ಟಿದ ಮಕ್ಕಳಿಗೆ ಪಿಕೆಯು ಇರಲಿಲ್ಲ, ಅವರ ಕಿಣ್ವ ಸರಿಯಾಗಿಯೇ ಇತ್ತು. ಆದರೂ ತಾಯಿಯ ರಕ್ತದಲ್ಲಿ ಏರಿದ್ದ ಫೀನೈಲ್‌ಅಲನಿನ್ ಗರ್ಭದಲ್ಲೇ ಅವರ ಮಿದುಳಿಗೆ, ಹೃದಯಕ್ಕೆ ಹಾನಿ ಮಾಡಿತ್ತು. ಸಕ್ಕರೆ ಹಾಕದ ಕೆಲವು ತಂಪು ಪಾನೀಯಗಳ ಡಬ್ಬಿಯ ಮೇಲೆ, ಫೀನೈಲ್‌ಅಲನಿನ್ ಇರುವ ಆಸ್ಪರ್ಟೇಮ್ ಎಂಬ ಕೃತಕ ಸಿಹಿ ಇದೆ, ಫೀನೈಲ್‌ಕೀಟೋನ್ಯೂರಿಯಾ ಇರುವವರು ಎಚ್ಚರ ಎಂದು ಇರುವೆಯಂಥ ಅಕ್ಷರದಲ್ಲಿ ಬರೆದಿರುತ್ತದೆ. ಅದನ್ನು ಈಗ ನಾನು ನಿಂತು ಓದುತ್ತೇನೆ.

ಚಪ್ಪಾಳೆಯಲ್ಲಿ ಯಾವ ಕೈಯ ಪಾಲೆಷ್ಟು

ಒಂದೇ ಕೈಯಲ್ಲಿ ಚಪ್ಪಾಳೆ ಆಗದು ಎನ್ನುತ್ತೇವೆ. ಎರಡು ಕೈ ಸೇರಿ ಸದ್ದಾದ ಮೇಲೆ ಅದರಲ್ಲಿ ಎಡಗೈಯದು ಶೇಕಡಾ ಎಷ್ಟು, ಬಲಗೈಯದು ಎಷ್ಟು ಎಂದು ಯಾರೂ ಲೆಕ್ಕ ಹಾಕುವುದಿಲ್ಲ. ಕಾಯಿಲೆಯ ವಿಷಯಕ್ಕೆ ಬಂದಾಗ ಮಾತ್ರ ಆ ಲೆಕ್ಕಕ್ಕೇ ಕೂರುತ್ತೇವೆ. "ಇದು ಶೇಕಡಾ ಇಷ್ಟು ಆನುವಂಶಿಕ" ಎಂದು ಪತ್ರಿಕೆಯಲ್ಲಿ ಬಂದರೆ, ನನ್ನ ಕಾಯಿಲೆಯಲ್ಲಿ ಅಷ್ಟು ಪಾಲು ಅಪ್ಪನದು, ಉಳಿದದ್ದು ನನ್ನ ತಪ್ಪು ಎಂದು ಓದಿಕೊಳ್ಳುತ್ತೇವೆ. ಆ ಸಂಖ್ಯೆ ಹೇಳುವುದು ಅದನ್ನಲ್ಲ. ಒಂದು ಕಾಲದಲ್ಲಿ, ಒಂದು ಜನಸಮುದಾಯದಲ್ಲಿ, ಮನುಷ್ಯರ ನಡುವೆ ಕಾಣುವ ವ್ಯತ್ಯಾಸದಲ್ಲಿ ಎಷ್ಟನ್ನು ವಂಶವಾಹಿಗಳ ವ್ಯತ್ಯಾಸದೊಂದಿಗೆ ಜೋಡಿಸಬಹುದು ಎಂಬುದನ್ನಷ್ಟೇ ಅದು ಹೇಳುತ್ತದೆ. ಎಲ್ಲರ ತಟ್ಟೆಯೂ ಒಂದೇ ಥರ ಆಗಿಬಿಟ್ಟರೆ ಉಳಿಯುವ ವ್ಯತ್ಯಾಸವೆಲ್ಲ ವಂಶವಾಹಿಯದಾಗಿ ಕಾಣುತ್ತದೆ, ಸಂಖ್ಯೆ ಏರುತ್ತದೆ. ವಂಶವಾಹಿ ಮಾತ್ರ ಇದ್ದ ಹಾಗೇ ಇರುತ್ತದೆ.

ಇದು ಮಾತಿನಲ್ಲಿ ಹೇಳಿದರೆ ತಲೆಗೆ ಹತ್ತುವುದು ಕಷ್ಟ. ನನಗೆ ಹತ್ತಿದ್ದು ಪೀಮಾ ಜನರ ಬಗ್ಗೆ ಓದಿದಾಗ. ಅಮೆರಿಕದ ಅರಿಜೋನಾದಲ್ಲಿ ಹೀಲಾ ನದಿಯ ನೀರಿನಲ್ಲಿ ಬೇಸಾಯ ಮಾಡಿ ಬದುಕುತ್ತಿದ್ದ ಮೂಲನಿವಾಸಿಗಳು ಇವರು. ಹತ್ತೊಂಬತ್ತನೆಯ ಶತಮಾನದ ಕೊನೆಯ ಹೊತ್ತಿಗೆ ನದಿಯ ಮೇಲ್ಭಾಗದಲ್ಲಿ ನೆಲೆಸಿದ ವಲಸಿಗರು ನೀರನ್ನು ತಮ್ಮ ಹೊಲಗಳಿಗೆ ತಿರುಗಿಸಿಕೊಂಡರು, ಪೀಮಾ ಜನರ ಬೇಸಾಯ ಒಣಗಿತು. ಆಮೇಲೆ ಅವರ ತಟ್ಟೆಗೆ ಬಂದದ್ದು ಸರ್ಕಾರ ಹಂಚಿದ ಹಿಟ್ಟು, ಸಕ್ಕರೆ, ಕೊಬ್ಬು. ಜಗತ್ತಿನಲ್ಲೇ ಅತಿ ಹೆಚ್ಚು ಸಕ್ಕರೆ ಕಾಯಿಲೆ ಇರುವ ಸಮುದಾಯಗಳಲ್ಲಿ ಒಂದು ಎಂದು ಅವರು ವೈದ್ಯಲೋಕದಲ್ಲಿ ಹೆಸರಾದರು. ದಶಕಗಳ ಕಾಲ ಅವರ ರಕ್ತದಲ್ಲಿ ಅದರ ವಂಶವಾಹಿಯನ್ನು ಹುಡುಕಿದರು. ಆದರೆ ಗಡಿಯಾಚೆ, ಮೆಕ್ಸಿಕೋದ ಬೆಟ್ಟಗಳ ನಡುವಿನ ಮೈಕೋಬಾ ಎಂಬಲ್ಲಿ ಇವರದೇ ಬಳಗದ ಪೀಮಾ ಜನ ಕೈಯಾರೆ ಉಳುತ್ತಾ, ಬೆಳೆದದ್ದನ್ನು ಉಣ್ಣುತ್ತಾ ಇದ್ದರು. 2006ರಲ್ಲಿ ಪ್ರಕಟವಾದ ಅಧ್ಯಯನದ ಪ್ರಕಾರ ಅರಿಜೋನಾದವರಲ್ಲಿ ಸಕ್ಕರೆ ಕಾಯಿಲೆ ಶೇ 38, ಮೈಕೋಬಾದವರಲ್ಲಿ ಶೇ 6.9. ಅರಿಜೋನಾದೊಳಗೆ ಮಾತ್ರ ನೋಡಿದವರಿಗೆ ಯಾರಿಗೆ ಬಂತು, ಯಾರಿಗೆ ಬರಲಿಲ್ಲ ಎಂಬುದರಲ್ಲಿ ವಂಶವಾಹಿಯೇ ದೊಡ್ಡದಾಗಿ ಕಾಣುತ್ತದೆ. ಗಡಿ ದಾಟಿ ನೋಡಿದವರಿಗೆ ನದಿ ಕಾಣುತ್ತದೆ.

ಬಾಯಿ ಕಟ್ಟಲಿಲ್ಲ ಎಂದು ಅರಿಜೋನಾದ ಪೀಮಾ ಅಜ್ಜಿಯೊಬ್ಬರನ್ನು ಯಾರಾದರೂ ಬೈದಿರಬಹುದು ಎಂದು ಯೋಚಿಸಿದರೆ ನನಗೆ ಸಿಟ್ಟು ಬರುತ್ತದೆ. ಅವರ ತಟ್ಟೆಯನ್ನು ಆಯ್ದುಕೊಂಡದ್ದು ಅವರಲ್ಲ.

ಹಾಲು, ಪಿಷ್ಟ

ವಂಶವಾಹಿ ಎಂದರೆ ಬದಲಾಗದ ಹಣೆಬರಹ, ಊಟ ಎಂದರೆ ದಿನದಿನದ ಮಾತು ಎಂದುಕೊಳ್ಳುವುದೂ ಅರ್ಧಸತ್ಯ. ಸಾವಿರಾರು ವರ್ಷಗಳ ಲೆಕ್ಕದಲ್ಲಿ ನೋಡಿದರೆ ಊಟವೇ ವಂಶವಾಹಿಯನ್ನು ಆರಿಸಿದೆ. ಹಾಲಿನಲ್ಲಿರುವ ಲ್ಯಾಕ್ಟೋಸ್ ಎಂಬ ಸಕ್ಕರೆಯನ್ನು ಒಡೆಯುವ ಕಿಣ್ವ ಹೆಚ್ಚುಕಡಿಮೆ ಎಲ್ಲ ಕೂಸುಗಳಲ್ಲೂ ಇರುತ್ತದೆ. ಹೆಚ್ಚಿನ ಮನುಷ್ಯರಲ್ಲಿ ಬೆಳೆಯುತ್ತಾ ಅದು ಕುಗ್ಗುತ್ತದೆ. ಜಗತ್ತಿನ ದೊಡ್ಡವರಲ್ಲಿ ಸುಮಾರು ಮೂರನೇ ಎರಡು ಭಾಗ ಜನ ಹೀಗೆ. ಪಶುಪಾಲನೆ ಮಾಡಿದ ಕೆಲವು ಸಮುದಾಯಗಳಲ್ಲಿ ಮಾತ್ರ ಆ ಕಿಣ್ವದ ಸ್ವಿಚ್ ಆರದ ಹಾಗೆ ಮಾಡುವ ಬದಲಾವಣೆ ಹರಡಿತು. 2002ರಲ್ಲಿ ಫಿನ್‌ಲೆಂಡಿನ ಕುಟುಂಬಗಳಲ್ಲಿ ಅಂಥದೊಂದು ಬದಲಾವಣೆಯನ್ನು ಗುರುತಿಸಿದರು. 2007ರಲ್ಲಿ ಪೂರ್ವ ಆಫ್ರಿಕಾದ ದನಗಾಹಿಗಳಲ್ಲಿ ನೋಡಿದರೆ ಸಿಕ್ಕಿದ್ದು ಬೇರೆಯೇ ಬದಲಾವಣೆಗಳು. ಹಾಲು ಅದೇ, ದಾರಿ ಬೇರೆ ಬೇರೆ. ಎಂಜಲಿನಲ್ಲಿ ಪಿಷ್ಟ ಒಡೆಯುವ ಅಮೈಲೇಸ್ ಕಿಣ್ವದ ವಂಶವಾಹಿಯೂ ಹಾಗೆಯೇ, ಒಬ್ಬರಲ್ಲಿ ಎರಡು ಪ್ರತಿ ಇದ್ದರೆ ಇನ್ನೊಬ್ಬರಲ್ಲಿ ಹತ್ತಕ್ಕೂ ಹೆಚ್ಚು ಇರಬಹುದು. ತಲೆತಲಾಂತರದಿಂದ ಪಿಷ್ಟ ಹೆಚ್ಚು ತಿಂದ ಸಮುದಾಯಗಳಲ್ಲಿ ಸರಾಸರಿ ಪ್ರತಿಗಳು ಹೆಚ್ಚು.

ಹಾಲು ಕುಡಿದರೆ ಹೊಟ್ಟೆ ಉಬ್ಬರಿಸುವ ಮಗುವಿಗೆ "ನಾಟಕ ಆಡ್ಬೇಡ, ಕುಡಿ" ಎಂದು ಲೋಟ ಹಿಡಿಯುವವರನ್ನು ಕಂಡಾಗಲೆಲ್ಲ ನನಗೆ ಇದು ನೆನಪಾಗುತ್ತದೆ. ಆ ಮಗು ಮನುಷ್ಯಕುಲದ ಬಹುಸಂಖ್ಯಾತರ ಕಡೆಯದು.

ಹಸಿವಿನ ಒಂದು ಚಳಿಗಾಲ

ಒಂದೇ ಅಪ್ಪ ಅಮ್ಮನ ಮಕ್ಕಳು ಬೇರೆಯಾಗುವುದು ಇಸ್ಪೀಟೆಲೆಯ ಹಂಚಿಕೆಯಿಂದ ಮಾತ್ರವೇ? ಈ ಪ್ರಶ್ನೆಗೆ ಜಗತ್ತಿನಲ್ಲಿ ಯಾರೂ ಮಾಡಬಾರದ ಪ್ರಯೋಗವೊಂದು ಯುದ್ಧದಿಂದಾಗಿ ತಾನಾಗಿ ನಡೆದುಹೋಯಿತು. 1944ರ ಕೊನೆಯಿಂದ 1945ರ ವಸಂತದವರೆಗೆ ಜರ್ಮನ್ ಹಿಡಿತದಲ್ಲಿದ್ದ ನೆದರ್ಲೆಂಡ್ಸ್‌ನ ಪಶ್ಚಿಮ ಭಾಗಕ್ಕೆ ಆಹಾರ ಬರುವುದು ನಿಂತಿತು. ಕೆಟ್ಟ ದಿನಗಳಲ್ಲಿ ಒಬ್ಬರಿಗೆ ಸಿಗುತ್ತಿದ್ದ ಪಡಿತರ ದಿನಕ್ಕೆ 400ರಿಂದ 800 ಕ್ಯಾಲರಿ. ಜನ ಟುಲಿಪ್ ಹೂವಿನ ಗಡ್ಡೆ ಬೇಯಿಸಿ ತಿಂದರು. ಸಾವಿರಾರು ಜನ ಸತ್ತರು. ಆ ತಿಂಗಳುಗಳಲ್ಲೂ ಹೆಂಗಸರು ಬಸಿರಾದರು, ಹೆತ್ತರು. ಆ ಮಕ್ಕಳನ್ನು ವಿಜ್ಞಾನಿಗಳು ಅವರ ಮುಪ್ಪಿನವರೆಗೂ ಹಿಂಬಾಲಿಸಿದ್ದಾರೆ. ಗರ್ಭದಲ್ಲಿದ್ದಾಗ ಬರ ಕಂಡವರಿಗೆ ಐವತ್ತರ ಆಸುಪಾಸಿನಲ್ಲಿ ಸಕ್ಕರೆಯನ್ನು ನಿಭಾಯಿಸುವ ಶಕ್ತಿ ಕಡಿಮೆ ಇತ್ತು. 2008ರ ಅಧ್ಯಯನವೊಂದು ಇನ್ನೂ ಒಳಹೊಕ್ಕು ನೋಡಿತು. ಬರದ ಕಾಲದಲ್ಲಿ ಗರ್ಭದಲ್ಲಿ ಮೂಡಿದವರನ್ನು, ಆ ಕಾಲದಲ್ಲಿ ಗರ್ಭದಲ್ಲಿರದ ಅವರದೇ ಒಡಹುಟ್ಟಿದವರೊಂದಿಗೆ ಹೋಲಿಸಿದರು. ಅರವತ್ತು ವರ್ಷ ಕಳೆದ ಮೇಲೂ, ಬೆಳವಣಿಗೆಗೆ ಸಂಬಂಧಿಸಿದ ಐಜಿಎಫ್2 ಎಂಬ ವಂಶವಾಹಿಯ ಮೇಲೆ ಇರಬೇಕಾದ ಮೀಥೈಲ್ ಎಂಬ ರಾಸಾಯನಿಕ ಗುರುತುಗಳು ಬರ ಕಂಡವರಲ್ಲಿ ಕಡಿಮೆ ಇದ್ದವು. ಡಿಎನ್‌ಎ ಅಕ್ಷರಗಳು ಬದಲಾಗಿರಲಿಲ್ಲ. ಯಾವ ಸಾಲನ್ನು ಗಟ್ಟಿಯಾಗಿ ಓದಬೇಕು, ಯಾವುದನ್ನು ಮೆಲ್ಲಗೆ ಎಂಬ ಗುರುತು ಬದಲಾಗಿತ್ತು. ಆ ಗುರುತಿನಿಂದಲೇ ಕಾಯಿಲೆ ಬಂತು ಎಂದು ಆ ಅಧ್ಯಯನ ಹೇಳುವುದಿಲ್ಲ. ತಾಯಿಯ ಹಸಿವು ಮಗುವಿನ ಡಿಎನ್‌ಎ ಮೇಲೆ ಅರವತ್ತು ವರ್ಷ ಉಳಿಯುವ ಗುರುತು ಬಿಡಬಲ್ಲದು ಎಂಬುದನ್ನು ತೋರಿಸುತ್ತದೆ.

ವಿಚಿತ್ರವೆಂದರೆ ಅದೇ ಚಳಿಗಾಲ ಅದೇ ದೇಶದಲ್ಲಿ ಕೆಲವು ಮಕ್ಕಳನ್ನು ಉಳಿಸಿತು. ವಿಲ್ಲೆಮ್ ಡಿಕೆ ಎಂಬ ಮಕ್ಕಳ ವೈದ್ಯರು, ತಿಂದದ್ದು ಮೈಗೆ ಹತ್ತದ ಹಾಗೆ ಕರುಳನ್ನು ಕೆಡಿಸುವ ಸೀಲಿಯಾಕ್ ಕಾಯಿಲೆಯ ಮಕ್ಕಳನ್ನು ನೋಡಿಕೊಳ್ಳುತ್ತಿದ್ದರು. ಈ ಕಾಯಿಲೆಗೆ ಗೋಧಿಯೇ ಕಾರಣವೇನೋ ಎಂಬ ಗುಮಾನಿ ಅವರಿಗೆ ಯುದ್ಧಕ್ಕೂ ಮುಂಚೆ ಇತ್ತು. ಬ್ರೆಡ್ಡು ಸಿಗದ ಆ ತಿಂಗಳುಗಳಲ್ಲಿ ಊರೆಲ್ಲ ಸೊರಗುತ್ತಿದ್ದರೆ ಈ ಮಕ್ಕಳು ಸುಧಾರಿಸಿದರು, ಬ್ರೆಡ್ಡು ಮರಳಿ ಬಂದ ಕೂಡಲೇ ಮತ್ತೆ ಹಾಸಿಗೆ ಹಿಡಿದರು. 1950ರಲ್ಲಿ ಡಿಕೆ ತಮ್ಮ ಪ್ರಬಂಧದಲ್ಲಿ ಇದನ್ನು ವಿವರವಾಗಿ ಬರೆದರು. ಈಗ ಅದರ ವಂಶವಾಹಿಯ ಕಡೆಯೂ ಗೊತ್ತು. ಸೀಲಿಯಾಕ್ ಬಂದವರಲ್ಲಿ ಹೆಚ್ಚುಕಡಿಮೆ ಎಲ್ಲರಲ್ಲೂ ರೋಗನಿರೋಧಕ ವ್ಯವಸ್ಥೆಗೆ ಸೇರಿದ ಎಚ್‌ಎಲ್‌ಎ ಎಂಬ ವಂಶವಾಹಿಗಳ ಗುಂಪಿನ ಡಿಕ್ಯೂ2 ಅಥವಾ ಡಿಕ್ಯೂ8 ರೂಪ ಇರುತ್ತದೆ. ಆದರೆ ಅವು ಇರುವವರಲ್ಲಿ ಬಹುಪಾಲು ಜನ ಜೀವನಪೂರ್ತಿ ಗೋಧಿ ತಿಂದು ಆರಾಮಾಗಿರುತ್ತಾರೆ. ಎಲೆ ಕೈಯಲ್ಲಿದ್ದ ಮಾತ್ರಕ್ಕೆ ಆಟ ಮುಗಿಯುವುದಿಲ್ಲ.

ಇದನ್ನು ಓದಿದ ವಾರ ನಾನು ಅಮ್ಮನನ್ನು ಸುಮ್ಮನೆ ಕೇಳಿದ ಹಾಗೆ ಕೇಳಿದೆ: "ಅಣ್ಣ ಹೊಟ್ಟೆಯಲ್ಲಿದ್ದಾಗ ಹೇಗಿದ್ದೆ ನೀನು?" ಅಮ್ಮ ನೆನಪಿಸಿಕೊಂಡರು. "ಅಯ್ಯೋ, ಅವನು ಹೊಟ್ಟೇಲಿದ್ದಾಗ ಒಂದು ತುತ್ತೂ ಸೇರ್ತಿರಲಿಲ್ಲ. ತಿಂದದ್ದೆಲ್ಲ ವಾಂತಿ. ಹುಟ್ಟಿದಾಗ ಹಕ್ಕಿಮರಿ ಹಾಗಿದ್ದ. ನಿನ್ನ ಕಾಲಕ್ಕೆ ಏನೂ ತೊಂದರೆ ಆಗ್ಲಿಲ್ಲ" ಎಂದರು. ತಕ್ಷಣ ಮುಖ ಗಂಭೀರವಾಯಿತು. "ಯಾಕೆ ಕೇಳ್ದೆ? ಅದಕ್ಕೇ ಅವನಿಗೆ ಹೀಗಾಯ್ತಾ?" ನನ್ನ ಎದೆ ಧಸಕ್ಕೆಂದಿತು. ಒಬ್ಬ ಬಸುರಿಯ ವಾಂತಿಯಿಂದ ಐವತ್ತರ ಮಗನ ಶುಗರಿನವರೆಗೆ ಗೆರೆ ಎಳೆಯಲು ಯಾವ ವಿಜ್ಞಾನಕ್ಕೂ ಅಧಿಕಾರವಿಲ್ಲ. ಸಾವಿರಾರು ಜನರ ಸರಾಸರಿಯಲ್ಲಿ ಕಾಣುವುದನ್ನು ಒಬ್ಬರ ಮೇಲೆ ಹೊರಿಸುವುದು ತಪ್ಪು. "ಇಲ್ಲಮ್ಮ, ಹಾಗೇನಿಲ್ಲ, ಸುಮ್ಮನೆ ಕೇಳಿದೆ" ಎಂದೆ. ಅಪ್ಪನ ಮೇಲಿದ್ದ, ಅಣ್ಣನ ಮೇಲಿದ್ದ ಆರೋಪವನ್ನು ಇಳಿಸಲು ಹೊರಟು ಅಮ್ಮನ ತಲೆಗೆ ಕಟ್ಟಲಿದ್ದೆ. ಅವತ್ತಿನಿಂದ ಈ ವಿಷಯ ಮಾತಾಡುವಾಗ ನನ್ನ ನಾಲಿಗೆಯ ಮೇಲೆ ನನಗೇ ಒಂದು ಕಣ್ಣಿದೆ.

ಎಂಜಲು ತುಂಬಿದ ಕೊಳವೆ

ಇಷ್ಟರಲ್ಲಿ ಚಿಕ್ಕಪ್ಪನ ಮಗ ಒಂದು ಕಂಪನಿಗೆ ತನ್ನ ಎಂಜಲನ್ನು ಕೊಳವೆಯಲ್ಲಿ ತುಂಬಿ ಕಳಿಸಿ, ಬಣ್ಣಬಣ್ಣದ ದಪ್ಪ ರಿಪೋರ್ಟ್ ತರಿಸಿಕೊಂಡ. "ನಿಮ್ಮ ಜೀನ್‌ಗೆ ಒಪ್ಪುವ ಊಟ" ಎಂದು ಅದರ ಮೇಲಿತ್ತು. ಇವನಿಗೆ ಕೊಬ್ಬು ಕಡಿಮೆ ಮಾಡಬೇಕಂತೆ, ಪಿಷ್ಟ ಪರವಾಗಿಲ್ಲವಂತೆ. "ಅಣ್ಣನಿಗೂ ಮಾಡಿಸಿಬಿಡೋಣ, ಏನು ತಿನ್ನಬೇಕು ಅಂತ ಗೊತ್ತಾಗಿಬಿಡುತ್ತೆ" ಎಂದು ಪ್ರೀತಿಯಿಂದಲೇ ಹೇಳಿದ. ಅಣ್ಣನ ಕಣ್ಣಲ್ಲಿ ಆಸೆ ಮಿನುಗಿತು. ನನಗೆ ಅದನ್ನು ಆರಿಸಲು ಮನಸ್ಸಿರಲಿಲ್ಲ, ಆದರೂ ಹೇಳಬೇಕಾಯಿತು.

2018ರಲ್ಲಿ ಸ್ಟಾನ್‌ಫರ್ಡ್ ವಿಶ್ವವಿದ್ಯಾಲಯದ ಕ್ರಿಸ್ಟೋಫರ್ ಗಾರ್ಡ್‌ನರ್ ಮತ್ತು ಸಂಗಡಿಗರು ಇದನ್ನೇ ನೇರವಾಗಿ ಪರೀಕ್ಷಿಸಿದ ಫಲಿತಾಂಶ ಪ್ರಕಟಿಸಿದರು. ತೂಕ ಹೆಚ್ಚಿದ್ದ 609 ಜನರಲ್ಲಿ ಅರ್ಧದಷ್ಟು ಮಂದಿಗೆ ಕೊಬ್ಬು ಕಡಿಮೆಯ ಊಟ, ಉಳಿದವರಿಗೆ ಪಿಷ್ಟ ಕಡಿಮೆಯ ಊಟ, ಒಂದು ವರ್ಷ. ಮೂರು ಡಿಎನ್‌ಎ ಗುರುತುಗಳನ್ನು ನೋಡಿ ಗೊತ್ತುಮಾಡಿದ ವಂಶವಾಹಿಯ ವಿನ್ಯಾಸಕ್ಕೆ ಊಟ ಹೊಂದಿದವರು ಹೆಚ್ಚು ತೂಕ ಇಳಿಸುತ್ತಾರೆಯೇ ಎಂದು ನೋಡಿದರು. ಇಳಿಸಲಿಲ್ಲ. ಎರಡೂ ಗುಂಪಿನಲ್ಲಿ ಸರಾಸರಿ ಐದಾರು ಕಿಲೋ ಇಳಿದಿತ್ತು. ಎರಡೂ ಗುಂಪಿನೊಳಗೆ ತುಂಬಾ ಇಳಿಸಿದವರೂ ಇದ್ದರು, ತೂಕ ಏರಿಸಿಕೊಂಡವರೂ ಇದ್ದರು. ಜನ ಬೇರೆ ಬೇರೆ ಎಂಬುದು ನಿಜ. ಆ ಬೇರೆತನವನ್ನು ಆ ಮೂರು ಡಿಎನ್‌ಎ ಗುರುತುಗಳಿಂದ ಮೊದಲೇ ಓದಲಾಗಲಿಲ್ಲ. ಡಿಎನ್‌ಎ ಹೆಚ್ಚುಕಡಿಮೆ ಒಂದೇ ಆಗಿರುವ ತದ್ರೂಪಿ ಅವಳಿಗಳು ಒಂದೇ ಊಟ ಉಂಡರೂ ರಕ್ತದ ಸಕ್ಕರೆ ಇಬ್ಬರಲ್ಲೂ ಒಂದೇ ಥರ ಏರುವುದಿಲ್ಲ ಎಂದು 2020ರಲ್ಲಿ ಪ್ರಕಟವಾದ ಪ್ರಿಡಿಕ್ಟ್ ಅಧ್ಯಯನ ತೋರಿಸಿದೆ. ಕರುಳಿನ ಸೂಕ್ಷ್ಮಜೀವಿಗಳು, ನಿದ್ದೆ, ಊಟದ ಹೊತ್ತು ಎಲ್ಲವೂ ನಡುವೆ ಕೈಯಾಡಿಸುತ್ತವೆ.

ಪಿಕೆಯು ಒಂದೇ ವಂಶವಾಹಿಯ ಮಾತು, ಸಕ್ಕರೆ ಕಾಯಿಲೆ ಹಾಗಲ್ಲ. ನೂರಾರು ಕಡೆ ಚೂರು ಚೂರು ವ್ಯತ್ಯಾಸಗಳು, ಒಂದೊಂದೂ ಸ್ವಲ್ಪಸ್ವಲ್ಪವೇ ಜಗ್ಗುತ್ತವೆ. ಅವುಗಳಲ್ಲಿ ಹೆಚ್ಚು ಬಲದ್ದು 2006ರಲ್ಲಿ ಸಿಕ್ಕ ಟಿಸಿಎಫ್7ಎಲ್2. ಅಣ್ಣನಿಗೆ ನಾನು ತೋರಿಸಿದ್ದು ಅದೇ ವರ್ಷ ಬಂದ ಇನ್ನೊಂದು ಲೆಕ್ಕ. ಅಮೆರಿಕದಲ್ಲಿ ಸಕ್ಕರೆ ಕಾಯಿಲೆಯ ಹೊಸ್ತಿಲಲ್ಲಿದ್ದ ಮೂರು ಸಾವಿರಕ್ಕೂ ಹೆಚ್ಚು ಜನರ ಮೇಲೆ ದೊಡ್ಡ ಪ್ರಯೋಗವೊಂದು ನಡೆದಿತ್ತು. ಊಟ ತಿದ್ದಿಕೊಂಡು, ವಾರಕ್ಕೆ 150 ನಿಮಿಷ ನಡೆದು, ತೂಕದಲ್ಲಿ ಶೇ 7 ಇಳಿಸುವ ಗುರಿ ಇಟ್ಟುಕೊಂಡ ಗುಂಪಿನಲ್ಲಿ ಕಾಯಿಲೆ ಬರುವ ಪ್ರಮಾಣ ಶೇ 58 ಕಡಿಮೆಯಾಯಿತು. ಆಮೇಲೆ ಅದೇ ಜನರ ಡಿಎನ್‌ಎ ನೋಡಿದರು. ಟಿಸಿಎಫ್7ಎಲ್2ನ ಅಪಾಯದ ರೂಪ ಅಪ್ಪ ಅಮ್ಮ ಇಬ್ಬರಿಂದಲೂ ಬಂದಿದ್ದವರಿಗೆ, ಅದು ಇಲ್ಲದವರಿಗಿಂತ ಕಾಯಿಲೆಯ ಅಪಾಯ ಔಷಧವೇ ಇಲ್ಲದ ಪ್ಲಾಸಿಬೊ ಮಾತ್ರೆ ತಿಂದ ಗುಂಪಿನಲ್ಲಿ ಸುಮಾರು ಶೇ 80 ಹೆಚ್ಚಿತ್ತು. ಊಟ, ನಡಿಗೆ ತಿದ್ದಿಕೊಂಡ ಗುಂಪಿನಲ್ಲಿ ಆ ಹೆಚ್ಚಳ ಸುಮಾರು ಶೇ 15ಕ್ಕೆ ಇಳಿದಿತ್ತು. ಸಂಖ್ಯಾಶಾಸ್ತ್ರದ ಕಟ್ಟುನಿಟ್ಟಿನ ಲೆಕ್ಕದಲ್ಲಿ ಗುಂಪುಗಳ ನಡುವಿನ ಈ ಅಂತರ ಖಚಿತ ಎನ್ನುವಷ್ಟು ಗಟ್ಟಿಯಲ್ಲ, ಅದನ್ನೂ ಅಣ್ಣನಿಗೆ ಹೇಳಿದೆ. ಆದರೆ ಕೆಟ್ಟ ಎಲೆ ಬಂದವರಿಗೆ ಊಟ ತಿದ್ದಿ ಉಪಯೋಗವಿಲ್ಲ ಎಂಬ ಮಾತು ಸುಳ್ಳು ಎನ್ನಲು ಅಷ್ಟು ಸಾಕು.

ಇದಕ್ಕೆ ತಿರುಗುಮುರುಗಾದ ಉದಾಹರಣೆಯನ್ನೂ ಬಿಡಬಾರದು. ಕೊಲೆಸ್ಟೆರಾಲನ್ನು ರಕ್ತದಿಂದ ಎಳೆದುಕೊಳ್ಳುವ ಎಲ್‌ಡಿಎಲ್ ಗ್ರಾಹಕದ ವಂಶವಾಹಿ ಕೆಟ್ಟವರಿರುತ್ತಾರೆ. ಅದನ್ನು ಕಂಡುಹಿಡಿದ ಮೈಕೇಲ್ ಬ್ರೌನ್ ಮತ್ತು ಜೋಸೆಫ್ ಗೋಲ್ಡ್‌ಸ್ಟೀನ್‌ಗೆ 1985ರಲ್ಲಿ ನೊಬೆಲ್ ಬಂತು. ಇಂಥವರು ಎಷ್ಟು ಪಥ್ಯ ಮಾಡಿದರೂ ಸಾಮಾನ್ಯವಾಗಿ ಮಾತ್ರೆ ಇಲ್ಲದೆ ಕೊಲೆಸ್ಟೆರಾಲ್ ಸುರಕ್ಷಿತ ಮಟ್ಟಕ್ಕೆ ಇಳಿಯುವುದಿಲ್ಲ. ಎಣ್ಣೆ ಬಿಟ್ಟರೆ ಸಾಕು, ಮಾತ್ರೆ ಯಾಕೆ ಎಂದು ಅಂಥವರಿಗೆ ಬುದ್ಧಿ ಹೇಳುವವರು ಅವರ ಜೀವಕ್ಕೇ ಸಂಚಕಾರ ತರುತ್ತಾರೆ.

ಅಣ್ಣ ಎಲ್ಲವನ್ನೂ ಕೇಳಿಸಿಕೊಂಡ. ಪೀಮಾ ಜನರ ನದಿಯ ಬಗ್ಗೆ ಎರಡು ಸಲ ಹೇಳಿಸಿಕೊಂಡ. ಎಂಜಲಿನ ಕೊಳವೆಯ ಮಾತು ಅಲ್ಲಿಗೇ ನಿಂತಿತು. ಅತ್ತಿಗೆ ಈಗ ಎಲ್ಲರಿಗೂ ಒಂದೇ ಅಡುಗೆ ಮಾಡುತ್ತಾರೆ, ಅವನಿಗೆ ಬೇರೆ, ಮಕ್ಕಳಿಗೆ ಬೇರೆ ಎಂದಿಲ್ಲ. ರಾತ್ರಿ ಊಟ ಎಂಟು ಗಂಟೆಗೆ. ಊಟವಾದ ಮೇಲೆ ಇಬ್ಬರೂ ನಡೆಯಲು ಹೋಗುತ್ತಾರೆ. ಒಂದು ಸಂಜೆ ಅವನು ನನ್ನನ್ನು ಕೇಳಿದ, "ನೀನು ಯಾವಾಗ ಟೆಸ್ಟ್ ಮಾಡಿಸಿದ್ದು ಕೊನೆಗೆ?" ನೆನಪಾಗಲಿಲ್ಲ. "ನಿನ್ನಲ್ಲೂ ಅರ್ಧ ಎಲೆ ನನ್ನವೇ ಅಂದೆಯಲ್ಲ" ಎಂದ.

ಮಾರನೆಯ ಬೆಳಗ್ಗೆ ಖಾಲಿ ಹೊಟ್ಟೆಯಲ್ಲಿ ಹೋಗಿ ಕೂತೆ. ಲ್ಯಾಬಿನ ಹುಡುಗಿ ತೋಳಿಗೆ ರಬ್ಬರ್ ಪಟ್ಟಿ ಬಿಗಿದು, ನರ ಹುಡುಕುತ್ತಾ, ಫಾರ್ಮಿನ ಮೇಲೆ ಪೆನ್ನಿಟ್ಟು ಕೇಳಿದಳು: "ಮನೇಲಿ ಯಾರಿಗಾದ್ರೂ ಶುಗರ್ ಇದೆಯಾ ಸರ್?"

"ಅಜ್ಜಿಗಿತ್ತು, ಅಪ್ಪನಿಗಿತ್ತು, ಅಣ್ಣನಿಗಿದೆ" ಎಂದೆ. ಅವಳು ಬರೆದುಕೊಂಡಳು. ಎರಡನೆಯ ಪ್ರಶ್ನೆ ಅವಳ ಫಾರ್ಮಿನಲ್ಲಿರಲಿಲ್ಲ. ನಾನೇ ಹೇಳಿದೆ, ಸಿಹಿ ಸ್ವಲ್ಪ ಜಾಸ್ತಿ ತಿಂತೀನಿ, ಅದನ್ನೂ ಬರ್ಕೊಳಮ್ಮ.